ಕಾಕಂಬಿಯಲ್ಲಿ ನೆನೆಸಿದ ಕಾರ್ಕ್ ಸ್ಕ್ರೂ: ನನ್ನ ಅನುಭವ

ಮೊನ್ನೆ ಶನಿವಾರ ಸಂತೆಗೆ ಹೋಗಿ ಆ ಕಾರ್ಕ್ ಸ್ಕ್ರೂವನ್ನು (ಬಾಟಲಿಯ ಬಿರಡೆ ತೆಗೆಯುವ ಸುರುಳಿ) ಮೇಜಿನ ಮೇಲಿಟ್ಟೆ. ಸೆಲ್ಯುಲಾಯ್ಡ್ (ಹಳೇ ಕಾಲದ ಪ್ಲಾಸ್ಟಿಕ್) ಕಾಲುಗಳು, ಪಟ್ಟೆ ಪಟ್ಟೆ ಸ್ಟಾಕಿಂಗ್ಸ್, ನಡುವೆ ಮಡಚುವ ಸುರುಳಿ. ಸಂಗ್ರಹ ಮಾಡುವ ನಮ್ಮಂಥವರಿಗೆಲ್ಲ ಗೊತ್ತಿರುವ ಮಾದರಿಯೇ, 1894ರಲ್ಲಿ ಜರ್ಮನಿಯಲ್ಲಿ ನೋಂದಣಿ ಆದದ್ದು. ಸುರುಳಿಯೊಳಗೆ ಬೆಂಕಿಕಡ್ಡಿ ತೂರಿಸಿದೆ, ಎಲ್ಲೂ ತಗಲದೆ ಆಚೆ ಬಂತು. ತುದಿ ಚೂಪಾಗಿದೆ, ಅಲ್ಲಲ್ಲಿ ಹಳೇ ನಿಕ್ಕಲ್ ಲೇಪ ಕೂಡ ಉಳಿದಿದೆ. "ಅದನ್ನ ಸಿಹಿ ನೀರಿಗೆ ಹಾಕಿದರೆ ಜಾಮ್ ಆಗುತ್ತದೆ ಅಷ್ಟೇ" ಎಂದು, ಕಾಕಂಬಿಯಲ್ಲಿ (ಸಕ್ಕರೆ ಮಾಡುವಾಗ ಉಳಿಯುವ ಕಪ್ಪು ಪಾಕ) ನೆನೆಸಿ ತುಕ್ಕು ತೆಗೆಯುತ್ತೇನೆ ಅಂದಾಗ ಚಳಿಗಾಲದಲ್ಲಿ ಹೇಳಿದ್ದ ಹಿರಿಯರೊಬ್ಬರು ಭೂತಗನ್ನಡಿ ಹಿಡಿದು ಐದು ನಿಮಿಷ ನೋಡಿದರು. ಆಮೇಲೆ ಎಷ್ಟಕ್ಕೆ ಕೊಡ್ತೀಯ ಎಂದು ಕೇಳಿದರು. ಕೊಡಲಿಲ್ಲ.

ನಾನು ಮಂಡ್ಯದ ಕಡೆಯವನು. ಹನ್ನೊಂದು ವರ್ಷದಿಂದ ಸ್ಟುಟ್‌ಗಾರ್ಟ್‌ನಲ್ಲಿದ್ದೇನೆ. ಇಲ್ಲಿ ಕಾರ್ಲ್ಸ್‌ಪ್ಲಾಟ್ಸ್‌ನಲ್ಲಿ ಪ್ರತಿ ಶನಿವಾರ ಹಳೇ ಸಾಮಾನಿನ ಸಂತೆ ಸೇರುತ್ತದೆ, ನನ್ನ ಸಂಗ್ರಹದ ಮುಕ್ಕಾಲು ಪಾಲು ಅಲ್ಲಿಂದಲೇ ಬಂದದ್ದು. ಈಗ ಸುಮಾರು 140 ಕಾರ್ಕ್ ಸ್ಕ್ರೂ, 60ಕ್ಕೂ ಹೆಚ್ಚು ಬಾಟಲಿ ಬಿರಡೆಗಳಿವೆ. ಸಾದಾ ಹಿಡಿಯವು ನನಗೆ ಬೇಡ. ಗೊಂಬೆ, ಪ್ರಾಣಿ, ಮುಖ ಇದ್ದರೆ ಮಾತ್ರ ಕೈ ಹೋಗುತ್ತದೆ. ಬಿರಡೆಗಳಲ್ಲಿ ಹೆಚ್ಚಿನವು ಆನ್ರಿ ಎಂಬ ಮರಗೆತ್ತನೆ ಕಂಪನಿಯವು: ಹಿಂದಿನ ಕಡ್ಡಿ ಒತ್ತಿದರೆ ಟೋಪಿ ಎತ್ತುವ ಮುದುಕ, ಮುತ್ತು ಕೊಡುವ ಜೋಡಿ, ಅಂಥವು. ಆಂಟನ್ ರಿಫೆಸರ್ 1912ರಲ್ಲಿ ಗಾರ್ಡೆನಾ ಕಣಿವೆಯಲ್ಲಿ ಅದನ್ನು ಶುರು ಮಾಡಿದಾಗ ಆ ಊರು ಆಸ್ಟ್ರಿಯಾದಲ್ಲಿತ್ತು, ಈಗ ಇಟಲಿ. ಅಂಥ ಕೈಕೆತ್ತನೆಯ ಮುಖ ಒಂದಕ್ಕೊಂದು ಪೂರ್ತಿ ಹೋಲುವುದಿಲ್ಲ. ಅದಕ್ಕೇ ಒಂದೇ ಮುದುಕ ನನ್ನ ಹತ್ತಿರ ನಾಲ್ಕು ಇದ್ದಾನೆ.

ತೊಂದರೆ ಎಲ್ಲಿ ಅಂದರೆ ಗೊಂಬೆ ಕಾರ್ಕ್ ಸ್ಕ್ರೂಗಳಲ್ಲಿ ತಲೆ ಮರದ್ದು, ಸುರುಳಿ ಉಕ್ಕಿನದು. ಉಕ್ಕಿನ ತುಕ್ಕು ತೆಗೆಯಲು ಹೋದರೆ ಮರ ಹಾಳು. ಇಂಥವನ್ನು ತುಕ್ಕು ಇದ್ದ ಹಾಗೇ ಇಟ್ಟುಕೊಳ್ಳಬೇಕು ಎನ್ನುವುದು ಇಲ್ಲಿನ ಹಳಬರ ಮಾತು. ತುಕ್ಕು ಹಿಡಿದದ್ದು ಅರ್ಧ ಬೆಲೆಗೂ ಕಡಿಮೆಗೆ ಸಿಗುತ್ತದೆ ಅಲ್ವಾ, ನನ್ನ ಜೇಬಿಗೆ ಅದೇ ಸರಿ. ಹಾಗಾಗಿ ದಾರಿ ಹುಡುಕಲೇಬೇಕಿತ್ತು.

ಮೊದಲು ವಿನಿಗರ್. ರಾತ್ರಿ ಇಟ್ಟು ಬೆಳಿಗ್ಗೆ ನೋಡಿದರೆ ತುಕ್ಕು ಹೋಗಿತ್ತು, ಆದರೆ ಸುರುಳಿ ಬೂದು ಬಣ್ಣಕ್ಕೆ ತಿರುಗಿ ಒರಟಾಗಿತ್ತು. ಅದಕ್ಕಿಂತ ಹೆಚ್ಚಾಗಿ, ವಿನಿಗರ್ ಸುರುಳಿಯ ಗುಂಟ ಮೇಲೇರಿ ಮುದುಕನ ಗಡ್ಡದ ಬಣ್ಣ ಎದ್ದುಬಂತು. 22 ಯೂರೋ ಹೋಯಿತು. ಆಮೇಲೆ ಕರೆಂಟು: ವಾಷಿಂಗ್ ಸೋಡಾ ನೀರು, 12 ವೋಲ್ಟಿನ ಹಳೇ ಚಾರ್ಜರ್, ಋಣ ತುದಿಗೆ ಸುರುಳಿ, ಇನ್ನೊಂದು ತುದಿಗೆ ಕಬ್ಬಿಣದ ತುಂಡು. (ಅಲ್ಲಿಗೆ ಸ್ಟೇನ್‌ಲೆಸ್ ಸ್ಟೀಲ್ ಹಾಕಬೇಡಿ, ಅದರ ಕ್ರೋಮಿಯಂ ನೀರಿಗೆ ಬಂದು ವಿಷವಾಗುತ್ತದೆ.) ಮೂರು ಗಂಟೆಯಲ್ಲಿ ತುಕ್ಕೇನೋ ಸಡಿಲವಾಯಿತು, ಜೊತೆಗೆ ನಿಕ್ಕಲ್ ಕೂಡ ಸಿಪ್ಪೆ ಸಿಪ್ಪೆಯಾಗಿ ಎದ್ದಿತು. ಒಂದರ ತುದಿ ಕಾರ್ಕಿಗೆ ಇಳಿಸಿದ ಕೂಡಲೇ ಪಟ್ಟನೆ ಮುರಿಯಿತು. ಗಡಸು ಉಕ್ಕಿನೊಳಗೆ ಹೈಡ್ರೋಜನ್ ಸೇರಿದರೆ ಪೆಡಸಾಗುತ್ತದೆ, ಅದೇ ಕಾರಣ ಇರಬೇಕು. ತುದಿ ಮುರಿದದ್ದನ್ನು ಯಾರೂ ಕೊಳ್ಳುವುದಿಲ್ಲ, ನಿಮಗೆ ಗೊತ್ತೇ ಇದೆ. ಆ ವರ್ಷ ಒಟ್ಟು 130 ಯೂರೋ ಹತ್ತಿರ ನಷ್ಟ.

ನಡುವೆ ಹುಣಸೆಹಣ್ಣಿನ ಪ್ರಯೋಗವೂ ಆಯಿತು. ಇಂಗ್ಲೆಂಡಿನ ಹಿತ್ತಾಳೆ ಪಿಕ್ಸಿ (ಅಲ್ಲಿನ ಕಥೆಗಳ ಪುಟ್ಟ ಮಾಯಾಜೀವಿ) ಗೊಂಬೆ ಒಂದು ಕಪ್ಪಾಗಿತ್ತು. ನಮ್ಮ ಮನೆಯ ದೀಪ, ಚೊಂಬು ಎಲ್ಲ ಬೆಳಗುವುದು ಅದರಲ್ಲೇ ತಾನೇ ಅಂತ ಉಜ್ಜಿ ಹತ್ತು ನಿಮಿಷ ಬಿಟ್ಟೆ. ಹೊಳಪು ಬಂತು, ಆದರೆ ಮೂಲೆಗಳಲ್ಲಿ ಗುಲಾಬಿ ಛಾಯೆ. ಸತು ಬಿಟ್ಟು ಹೋಗಿ ತಾಮ್ರ ಮೇಲೆ ಬಂದಿತ್ತು. ದೇವರ ಮನೆಯ ದೀಪಕ್ಕೆ ಅದು ನಡೆಯುತ್ತದೆ, ಸಂಗ್ರಹದ ಸಾಮಾನಿಗೆ ನಡೆಯುವುದಿಲ್ಲ.

ಆ ಭಾನುವಾರ ಅಪ್ಪನಿಗೆ ಫೋನಿನಲ್ಲಿ ಹೀಗೆಲ್ಲ ಆಯ್ತು ಎಂದೆ. "ಕಾಕಂಬಿಗೆ ಹಾಕು ಮಗ. ನಿಮ್ಮ ತಾತ ಕುಡುಗೋಲು, ಗುಳ ಎಲ್ಲ ಅದ್ರಲ್ಲೇ ಬಿಡ್ತಿದ್ರಲ್ಲ, ಮರೆತ್ಯಾ?" ಎಂದರು. ಮರೆತಿರಲಿಲ್ಲ, ಆ ವಾಸನೆ ಹೇಗೆ ಮರೆಯುತ್ತೆ. ಆದರೆ ಇಲ್ಲಿ ಕಾಕಂಬಿ ಎಲ್ಲಿ ಹುಡುಕಲಿ ಅಂದುಕೊಂಡಿದ್ದೆ. ಕುದುರೆ ಮೇವು ಮಾರುವ ಅಂಗಡಿಯಲ್ಲಿ ಸಿಕ್ಕಿತು. ಕಬ್ಬಿನದಲ್ಲ, ಸಕ್ಕರೆ ಬೀಟಿನದು. ದೊಡ್ಡ ಕ್ಯಾನು, 15 ಯೂರೋ ಒಳಗೆ.

ಅದೂ ಮೊದಲ ಸಲಕ್ಕೇ ಆಗಲಿಲ್ಲ. ಜನವರಿಯಲ್ಲಿ ನೆಲಮಾಳಿಗೆಯಲ್ಲಿ ಇಟ್ಟಿದ್ದೆ, ಎರಡು ವಾರ ಕಳೆದರೂ ತುಕ್ಕು ಅಲುಗಲಿಲ್ಲ. ಚಳಿಗೆ ಕೆಲಸ ಮಾಡುವುದಿಲ್ಲ. ಹೀಟರ್ ಪಕ್ಕ ತಂದಿಟ್ಟರೆ ನಾಲ್ಕೇ ದಿನಕ್ಕೆ ಹುಳಿ ಬಂದು ನೊರೆ ಉಕ್ಕಿತು. ಹೆಂಡತಿ ಬಾಲ್ಕನಿಗೆ ಕಳಿಸಿದಳು. ಕೊನೆಗೆ ಅಡುಗೆಮನೆಯ ಮೇಲಿನ ಶೆಲ್ಫಿನಲ್ಲಿ, ಇಪ್ಪತ್ತು ಡಿಗ್ರಿ ಆಸುಪಾಸಿನಲ್ಲಿ ಸರಿಹೋಯಿತು. ಒಂದು ಪಾಲು ಕಾಕಂಬಿಗೆ ಒಂಬತ್ತು ಪಾಲು ನೀರು. ಗಟ್ಟಿ ಮಾಡಿದರೆ ಬೇಗ ಆಗುತ್ತದೆ ಅಂತ ಅರ್ಧಕ್ಕರ್ಧ ಬೆರೆಸಿಯೂ ನೋಡಿದೆ, ಏನೂ ಜಾಸ್ತಿ ಬೇಗ ಆಗಲಿಲ್ಲ, ತೊಳೆಯುವ ಕೆಲಸ ಮಾತ್ರ ಜಾಸ್ತಿ. ಅಲ್ಯೂಮಿನಿಯಂ, ಸತುವಿನ ಎರಕ ಇದ್ದರೆ ಹತ್ತಿರ ತರಬೇಡಿ. ಮೀನಿನಾಕಾರದ ಓಪನರ್ ಒಂದನ್ನು ಸುಮ್ನೆ ನೋಡೋಣ ಅಂತ ಹಾಕಿದ್ದೆ, ಮೈಯೆಲ್ಲ ಗುಂಡಿ ಗುಂಡಿ.

ಗೊಂಬೆಯನ್ನು ಮುಳುಗಿಸುವಂತಿಲ್ಲ. ಜಾಡಿಯ ಬಾಯಿಗೆ ರಟ್ಟು ಕತ್ತರಿಸಿ, ಸುರುಳಿ ಮಾತ್ರ ಕೆಳಗಿಳಿಯುವಂತೆ ತಲೆಯನ್ನು ಮೇಲೆ ಕೂರಿಸುತ್ತೇನೆ. ಮರ ಮತ್ತು ಉಕ್ಕು ಸೇರುವ ಕಡೆ ಜೇನುಮೇಣದ ಉಂಗುರ. ಆದರೂ ಮೊದಲ ಮೂರರಲ್ಲಿ ನೀರಿನ ಮಟ್ಟ ಇದ್ದ ಜಾಗದಲ್ಲಿ ಸುತ್ತಲೂ ಒಂದು ಕಪ್ಪು ಗೆರೆ ಕೊರೆದಿತ್ತು, ಗಾಳಿ ಮತ್ತು ನೀರು ಸೇರುವ ಕಡೆ ಹಾಗಾಗುತ್ತದೆ. ಆ ಗೆರೆ ಬೀಳದಂತೆ ಮಾಡುವ ಉಪಾಯ ಒಂದಿದೆ. ಅದಕ್ಕೆ ನನಗೆ ಎಂಟು ತಿಂಗಳು ಹಿಡಿಯಿತು, ಇಲ್ಲಿ ಹೇಳುವುದಿಲ್ಲ. ಮೇಣಕ್ಕೆ ಏನು ಬೆರೆಸುತ್ತೇನೆ ಅನ್ನುವುದನ್ನೂ ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಸೆಲ್ಯುಲಾಯ್ಡ್ ಕಾಲಿನದನ್ನು 45 ಯೂರೋಗೆ ತಂದಿದ್ದೆ, ಕೀಲು ಬಿಗಿದು ಅಲುಗುತ್ತಲೇ ಇರಲಿಲ್ಲ. ಚೆನ್ನಾಗಿರುವುದಕ್ಕೆ ಸಂತೆಯಲ್ಲಿ 200ರ ಮೇಲೆ ಹೇಳುತ್ತಾರೆ. ಕೀಲಿಗೆ ಎಣ್ಣೆ ಬಿಟ್ಟು ಒಂದು ವಾರ ಕಾದು, ಮೆಲ್ಲಗೆ ಸುರುಳಿ ಬಿಡಿಸಿ, ಕಾಲು ಮೇಲೆ ಮಾಡಿ ಇಳಿಬಿಟ್ಟೆ. ದಿನ ಬಿಟ್ಟು ದಿನ ಎತ್ತಿ ಹಲ್ಲುಜ್ಜುವ ಬ್ರಷ್ಷಿನಲ್ಲಿ ಉಜ್ಜಿದೆ. ಹತ್ತೊಂಬತ್ತನೇ ದಿನಕ್ಕೆ ಉಕ್ಕು ಕಂಡಿತು. ತಕ್ಷಣ ತೊಳೆದು, ಒರೆಸಿ, ಎಣ್ಣೆ ಸವರಬೇಕು, ಟೀ ಕುಡಿದು ಬರುತ್ತೇನೆ ಅಂದರೆ ಮತ್ತೆ ಕೆಂಪಾಗಿರುತ್ತದೆ.

ಇನ್ನೊಂದು ಮಾತು, ಇದಕ್ಕೆ ನಾನು ದುಡ್ಡು ತೆತ್ತಿದ್ದೇನೆ. ಸೆಲ್ಯುಲಾಯ್ಡನ್ನು ಮುಚ್ಚಿದ ಪ್ಲಾಸ್ಟಿಕ್ ಡಬ್ಬದಲ್ಲಿ ಬೇರೆಯವುಗಳ ಜೊತೆ ಇಡಬೇಡಿ. ಹಳೇದಾಗುತ್ತಾ ಅದು ಆಮ್ಲದ ಆವಿ ಬಿಡುತ್ತದೆ, ಪಕ್ಕದ ಉಕ್ಕಿಗೆಲ್ಲ ತುಕ್ಕು. ಹಾಗೆ ಒಂದೇ ಬೇಸಿಗೆಯಲ್ಲಿ ನನ್ನ ಐದು ಸುರುಳಿಗಳು ಕೆಟ್ಟವು. ಈಗ ಗಾಳಿಯಾಡುವ ರಟ್ಟಿನ ಪೆಟ್ಟಿಗೆಯಲ್ಲಿ, ಬೇರೆಯಾಗಿ, ತಣ್ಣಗಿನ ಜಾಗದಲ್ಲಿ ಇಟ್ಟಿದ್ದೇನೆ.

ಬಿರಡೆಗಳ ಪುಡಿಯಾದ ಕಾರ್ಕ್ ಬದಲಿಸುವುದು ಮಾತ್ರ ಇನ್ನೂ ಪೂರ್ತಿ ಕೈಗೆ ಬಂದಿಲ್ಲ. ಇಡ್ಲಿ ಪಾತ್ರೆಯಲ್ಲಿ ಹತ್ತು ನಿಮಿಷ ಹಬೆಗಿಟ್ಟರೆ ಮೆತ್ತಗಾಗಿ ಸಲೀಸಾಗಿ ಕೂರುತ್ತದೆ, ಒಣಗಿದ ಮೇಲೆ ಸಡಿಲ. ಈ ವಾರ ಐದೇ ನಿಮಿಷ ಇಟ್ಟು ನೋಡುತ್ತಿದ್ದೇನೆ. ಟೋಪಿ ಎತ್ತುವ ಮುದುಕನಿಗೆ ಹಾಕಿದ್ದೇನೆ, ಭಾನುವಾರದ ಹೊತ್ತಿಗೆ ಒಣಗುತ್ತದೆ.