ಅಜ್ಜಿಯ ಕಾಲುವೆಗೆ ಮೂರು ಅರ್ಜಿ

ಕೋಲಾರದಲ್ಲಿ ಅರ್ಜಿ ಬರೆದುಕೊಡುವುದು ನನ್ನ ಕಸುಬು. ಮುಳಬಾಗಿಲು ಕಡೆಯ ಅಜ್ಜಿಯೊಬ್ಬರು ಬಂದು ಕೂತ ದಿನ ಚೆನ್ನಾಗಿ ನೆನಪಿದೆ. ಕೆರೆಗೆ ನೀರು ಹೋಗುವ ಕಾಲುವೆಯನ್ನು ಪಕ್ಕದ ಹೊಲದವನು ಮುಚ್ಚಿ ಟೊಮ್ಯಾಟೊ ಹಾಕಿದ್ದ. ಅವನು ಬೇರೆ ಯಾರೂ ಅಲ್ಲ, ಅಜ್ಜಿಯ ಮೈದುನನ ಮಗನೇ. ಮಳೆ ಬಂದರೆ ನೀರೆಲ್ಲ ಇವರ ರಾಗಿ ಹೊಲದಲ್ಲಿ ನಿಲ್ಲುತ್ತಿತ್ತು.

ಅಜ್ಜಿ ಶುರುಮಾಡಿದ್ದು ಅತ್ತೆ ಕಾಲದ ಪಾಲುಪಾರಿಕತ್ತಿನಿಂದ. ನಾನೂ ಬಿಡದೆ ಎರಡು ಪುಟ ಬರೆದೆ. ಓದಿ ಹೇಳಿದಾಗ ಅವರು ಸೆರಗಿನಲ್ಲಿ ಕಣ್ಣೊರೆಸಿಕೊಂಡರು, ನನಗೂ ಒಳಗೊಳಗೇ ಹೆಮ್ಮೆ. ತಿಂಗಳಾದ ಮೇಲೆ ಕಚೇರಿಯಿಂದ ಹಿಂಬರಹ ಬಂತು: ಇದು ಖಾಸಗಿ ವ್ಯಾಜ್ಯ, ಸಿವಿಲ್ ನ್ಯಾಯಾಲಯದಲ್ಲಿ ಬಗೆಹರಿಸಿಕೊಳ್ಳುವುದು. ಸಿಟ್ಟು ಬಂತು. ಆಮೇಲೆ ಕಾರ್ಬನ್ ಪ್ರತಿ ತೆಗೆದು ಎಣಿಸಿದೆ. ಮೈದುನನ ಮಗ 14 ಸಲ, ಕಾಲುವೆ 3 ಸಲ. ಓದಿದವರ ತಪ್ಪೇನೂ ಇರಲಿಲ್ಲ.

ಎರಡನೆಯದು ಮಾಹಿತಿ ಹಕ್ಕಿನ ಅರ್ಜಿ. ಅದರಲ್ಲಿ 'ಯಾಕೆ ಸುಮ್ಮನಿದ್ದೀರಿ' ಎಂದು ಜಗಳ ತೆಗೆದರೆ ಕೆಲಸವಾಗುವುದಿಲ್ಲ, ಕಚೇರಿಯಲ್ಲಿರುವ ದಾಖಲೆ ಕೇಳಬೇಕು. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, ಸಾಮಾನ್ಯವಾಗಿ 150 ಪದದೊಳಗೆ, ಶುಲ್ಕ 10 ರೂಪಾಯಿ. ಗ್ರಾಮ ನಕಾಶೆಯ ದೃಢೀಕೃತ ಪ್ರತಿ, ಆ ಸರ್ವೆ ನಂಬರಿನಲ್ಲಿ ಬಿ ಖರಾಬು (ಕಾಲುವೆ, ದಾರಿಯಂಥ ಸಾರ್ವಜನಿಕ ಬಳಕೆಗೆ ಬಿಟ್ಟ ಜಾಗ) ಎಷ್ಟು ಗುಂಟೆ ಎನ್ನುವ ದಾಖಲೆ, ಅಷ್ಟೇ ಕೇಳಿದೆ.

"ಇದ್ರಾಗೆ ನಾನೆಲ್ಲಿದ್ದೀನಪ್ಪಾ?" ಅಂದರು ಅಜ್ಜಿ.

"ಕೆಳಗೆ, ಹೆಬ್ಬೆಟ್ಟು ಒತ್ತೋ ಜಾಗದಾಗೆ ಅಜ್ಜಿ" ಅಂದೆ. ಅವರು ನಗಲಿಲ್ಲ.

ನಕಾಶೆ ಕೈಗೆ ಬಂದ ಮೇಲೆ ತಹಶೀಲ್ದಾರರಿಗೆ ಮೂರನೆಯದು. ಬರೆಯುವ ಮುಂಚೆ ನನ್ನನ್ನೇ ಕೇಳಿಕೊಂಡೆ: ಈ ಕಾಗದ ಹಿಡಿದು ಹೊಲಕ್ಕೆ ಹೋಗುವವರು ಯಾರು? ಸರ್ವೆಯರ್. ಅವರಿಗೆ ಅತ್ತೆ ಕಾಲದ ಪಾಲುಪಾರಿಕತ್ತು ಕಟ್ಟಿಕೊಂಡು ಏನಾಗಬೇಕು? 'ವಿಷಯ: ಸರ್ಕಾರಿ ಕಾಲುವೆ ಒತ್ತುವರಿ ಅಳತೆ ಮಾಡಿ ತೆರವುಗೊಳಿಸುವ ಬಗ್ಗೆ' ಎಂದು ಬರೆದು, ಯಾವ ದಿಕ್ಕು, ಎಲ್ಲಿಂದ ಎಲ್ಲಿವರೆಗೆ ಮುಚ್ಚಿದೆ ಎಂಬುದನ್ನು ಒಂದೇ ಪುಟದಲ್ಲಿ ಮುಗಿಸಿದೆ. ಮೈದುನನ ಮಗನ ಹೆಸರು ಒಂದೇ ಸಲ, ಅದೂ ಪಕ್ಕದ ಹಿಡುವಳಿದಾರ ಎಂದು.

ಜೊತೆಗಿಡಲು ಏನಾದರೂ ಇದೆಯಾ ಎಂದರೆ ಅಜ್ಜಿ ಚೀಲದಿಂದ ಹಳೇ ಕ್ರಯಪತ್ರ ತೆಗೆದರು. ಗಂಡನ ಹೆಸರಿದೆ ಅಂತ ಕಾಪಾಡಿಕೊಂಡಿದ್ದರು. ನಾನು ನೇರ ಚೆಕ್ಕುಬಂದಿಗೆ, ಅಂದರೆ ಜಮೀನಿನ ನಾಲ್ಕು ಗಡಿ ಬರೆದ ಭಾಗಕ್ಕೆ ಹೋದೆ. 'ಪೂರ್ವಕ್ಕೆ: ಕೆರೆ ಕಾಲುವೆ.' ಬರೆದವನಿಗೆ ಅಂದು ಬೇಕಾಗಿದ್ದದ್ದು ಮಾರಿದ ಜಮೀನಿನ ಗಡಿ, ಕಾಲುವೆ ಅವನಿಗೆ ಬರೀ ಅಂಚು. ನನಗೆ ಆ ಇಡೀ ಪತ್ರದಲ್ಲಿ ಬೇಕಾಗಿದ್ದದ್ದು ಆ ಅಂಚೊಂದೇ. ಜೆರಾಕ್ಸ್ ಮಾಡಿಸಿ, ಆ ಸಾಲಿಗೆ ಕೆಂಪು ಗೆರೆ ಎಳೆದು ಲಗತ್ತಿಸಿದೆ.

ಅಳತೆಗೆ ನೋಟಿಸ್ ಬಂದ ದಿನ ಅಜ್ಜಿ ತೋರಿಸಲು ಬಂದಿದ್ದರು. ಹೋಗುವಾಗ ಆ ಮೊದಲ ಎರಡು ಪುಟ ಇನ್ನೂ ಇದೆಯಾ ಎಂದು ಕೇಳಿದರು. ಕೊಟ್ಟೆ. ನಾಲ್ಕು ಮಡಿಕೆ ಮಾಡಿ ಕ್ರಯಪತ್ರದೊಳಗೆ ಇಟ್ಟುಕೊಂಡರು.