ಘಟಪ್ರಭೆ ಹಿಡಿದು ಹತ್ತಿ, ಮಲಪ್ರಭೆ ಹಿಡಿದು ಇಳಿದೆವು

ಮೇ ತಿಂಗಳಲ್ಲಿ ಫಾಲ್ಸ್ ನೋಡಲು ಹೋಗುತ್ತೇನೆ ಎಂದರೆ ಬಾಗಲಕೋಟೆಯಲ್ಲಿ ಯಾರೂ ಸುಮ್ಮನಿರುವುದಿಲ್ಲ. "ಬ್ಯಾಸಗ್ಯಾಗ ಗೋಕಾಕದಾಗ ಏನೈತಿ? ಬಂಡಿಗಲ್ಲು ನೋಡಾಕ ಡೀಸೆಲ್ ಸುಡತಿಯೇನಪಾ?" ಎಂದು ಅಂಗಡಿ ಕಟ್ಟೆಯ ಮೇಲೆ ಕೂತವರೆಲ್ಲ ನಕ್ಕರು. ಆದರೆ ನನಗೆ ಬೇರೆ ತಿಂಗಳೇ ಇಲ್ಲ. ನನ್ನದು ಬೀಜ-ಗೊಬ್ಬರದ ಅಂಗಡಿ. ಮಿರಗ, ಅಂದರೆ ಜೂನಿನ ಮೃಗಶಿರಾ ಮಳೆ, ಕೂಡಿತೆಂದರೆ ದೀಪಾವಳಿವರೆಗೆ ಗಲ್ಲೆ ಬಿಟ್ಟು ಏಳುವಂತಿಲ್ಲ. ಮಂದಿ ಜುಲೈ-ಆಗಸ್ಟಿನಲ್ಲಿ ನೊರೆ ನೀರಿನ ಫೋಟೋ ಕಳಿಸುವಾಗ ನಾನು ಯೂರಿಯಾ ಚೀಲ ಎಣಿಸುತ್ತಿರುತ್ತೇನೆ. ಹಾಗಾಗಿ ಬೇಸಿಗೆಯಲ್ಲೇ ನೀರು ಸಿಗುವ ದಾರಿ ಹುಡುಕಬೇಕಿತ್ತು. ಸಿಕ್ಕಿತು. ಈಗ ನಕ್ಕವರೇ "ಸ್ವಲ್ಪ ಬರದು ಕೊಡಪಾ" ಅನ್ನುತ್ತಿದ್ದಾರೆ.

ಹಿಂದೆ ನಾವೂ ಎಲ್ಲರ ಹಾಗೇ ಮಾಡುತ್ತಿದ್ದೆವು. ಫೋನಿನ ನಕ್ಷೆಯಲ್ಲಿ ಫಾಲ್ಸ್‌ಗಳಿಗೆ ಗುರುತು ಹಾಕುವುದು, ಹತ್ತಿರದವನ್ನು ಜೋಡಿಸುವುದು, ಟೆಂಪೋ ಟ್ರಾವೆಲರ್ ಹೇಳುವುದು. ಟಿಟಿಯ ಲೆಕ್ಕ ನಿಮಗೆ ಗೊತ್ತೇ ಇದೆ, ದಿನಕ್ಕೆ ಕನಿಷ್ಠ ಇಷ್ಟು ಕಿಲೋಮೀಟರ್ ಅಂತ ಕಟ್ಟಿಬಿಡುತ್ತಾರೆ. ಘಟ್ಟದಲ್ಲಿ ದಿನವಿಡೀ ತಿರುಗಿದರೂ ಎಂಬತ್ತು ದಾಟುವುದಿಲ್ಲ, ದುಡ್ಡು ಮಾತ್ರ ಮುನ್ನೂರರದ್ದು. ಮಹಾರಾಷ್ಟ್ರದ ಗಡಿ ದಾಟಿದರೆ ಪರ್ಮಿಟ್ಟಿನ ಖರ್ಚು ಬೇರೆ, ಅದೂ ನಮ್ಮ ತಲೆಗೇ. ಅಷ್ಟು ಕೊಟ್ಟು ಗೋಕಾಕ ಮುಟ್ಟುವುದು ಮಧ್ಯಾಹ್ನ ಒಂದಕ್ಕೆ. ಬಂಡೆ ರೊಟ್ಟಿ ಹಂಚಿನ ಹಾಗೆ ಕಾದಿರುತ್ತದೆ, ಚಪ್ಪಲಿ ತೆಗೆದ ಹುಡುಗರು ಕುಣಿಯುತ್ತಾರೆ, ಹನಿ ನೀರಿಲ್ಲ. ಬಾದಾಮಿಯ ಅಕ್ಕ-ತಂಗಿ ಫಾಲ್ಸಿನಲ್ಲಂತೂ ಅಕ್ಕನೂ ಇಲ್ಲ, ತಂಗಿಯೂ ಇಲ್ಲ. ಒಂದು ವರ್ಷ ಘಟ್ಟದ ಮೇಲಿನ ಲಾಡ್ಜಿನವರೊಬ್ಬರು ಅಡ್ವಾನ್ಸ್ ತೆಗೆದುಕೊಂಡು ಖೋಲಿ ಬೇರೆಯವರಿಗೆ ಕೊಟ್ಟುಬಿಟ್ಟಿದ್ದರು. ಎರಡು ಸಾವಿರ ಹೋಯಿತು, ರಾತ್ರಿ ಗಾಡಿಯಲ್ಲೇ ಮಲಗಿದೆವು. ಆ ಸಲ ಎಲ್ಲ ಸೇರಿ ಇಪ್ಪತ್ತೈದು ಸಾವಿರದ ಮೇಲೆ ಹೋಗಿರಬೇಕು. ಮನೆಯವಳು "ಇಷ್ಟರಾಗ ಒಂದು ಕೂಲರ್ ಬರತಿತ್ತು ನೋಡ್ರಿ" ಅಂದದ್ದು ಇನ್ನೂ ನೆನಪಿದೆ.

ಪ್ಲಾನು ತಿರುವಿ ಹಾಕಿದ್ದು ಒಬ್ಬ ಗಿರಾಕಿಯ ಮಾತಿನಿಂದ. ಮುಧೋಳ ಕಡೆಯ ರೈತರು ಬಾಕಿ ಕೊಡಲು ಬಂದಿದ್ದರು. "ಹೊಳಿಗೆ ನೀರು ಬಿಟ್ಟಾರ್ರಿ, ನಾಳಿಂದ ಮೋಟರ್ ಚಾಲೂ" ಅಂದರು. ಘಟಪ್ರಭಾ ಹೊಳೆಗೆ ನೀರು ಬಿಟ್ಟರೆ ಅದು ಗೋಕಾಕ ಫಾಲ್ಸ್ ಹಾರಿಯೇ ಬರಬೇಕಲ್ಲ! ಮಳೆಗಾಲದಲ್ಲಿ ಮೋಡ ನೋಡಿ ಹೋಗುತ್ತೇವೆ, ಬೇಸಿಗೆಯಲ್ಲಿ ಡ್ಯಾಮ್ ನೋಡಿ ಹೋಗಬೇಕು. ಈ ಹೊಳೆಗೆ ಕಟ್ಟಿದ ಹಿಡಕಲ್ ಡ್ಯಾಮಿನಲ್ಲಿ 51 ಟಿಎಂಸಿ ನೀರು ಹಿಡಿಯುತ್ತದೆ. ಬೇಸಿಗೆಯಲ್ಲಿ ಕೆಳಗಿನ ಊರುಗಳಿಗೆ ಕುಡಿಯುವ ನೀರು ಎಂದು ಆಗಾಗ ಬಿಡುತ್ತಾರೆ. ಆದರೆ "ನೀರು ಬಿಟ್ಟಾರ" ಎಂಬ ಸುದ್ದಿ ಕೇಳಿ ಗಾಡಿ ಹತ್ತಿದರೆ ಕೆಟ್ಟಿರಿ. ಫಾಲ್ಸಿಗಿಂತ ಮೇಲೆ ಧೂಪದಾಳದಲ್ಲಿ ಬ್ರಿಟಿಷರ ಕಾಲದ ಒಡ್ಡಿದೆ, ಎಡದಂಡೆ ಕಾಲುವೆ ಅಲ್ಲಿಂದಲೇ ಹೊರಡುವುದು. ನೀರು ಕಾಲುವೆಗೆ ಹೋದರೆ ಫಾಲ್ಸಿಗೆ ಏನೂ ಇಲ್ಲ. ಕಾಲುವೆಗೋ ಹೊಳೆಗೋ ಎಂದು ಕೇಳಬೇಕು. ಹೊಳೆಗೆ ಎಂದರೆ ಒಂದು ದಿನ ಬಿಟ್ಟು ಹೊರಡಬೇಕು, ಒಡ್ಡು ತುಂಬಿ ಹಾಯಲು ಅಷ್ಟಾದರೂ ಬೇಕು. ಇದನ್ನೆಲ್ಲ ನಾನು ಯಾರಿಗೆ ಫೋನ್ ಮಾಡಿ ಕೇಳುತ್ತೇನೆ ಎಂಬುದನ್ನು ಮಾತ್ರ ಹೇಳುವುದಿಲ್ಲ. ಹೊಳೆ ದಂಡೆಯಲ್ಲಿ ಪಂಪ್‌ಸೆಟ್ ಇರುವ ಒಬ್ಬ ಬೀಗರನ್ನೋ ಗೆಳೆಯರನ್ನೋ ನೀವೂ ಹುಡುಕಿಕೊಳ್ಳಿ.

ಗಾಡಿ ಅಳಿಯನ ಬೊಲೆರೊ, ಎರಡು ಮನೆಯ ಮಂದಿ. ಕಲಾದಗಿ, ಲೋಕಾಪುರ ದಾರಿ ಹಿಡಿದು ಕತ್ತಲಲ್ಲೇ ಹೊರಟು ಬೆಳಕು ಹರಿಯುವ ಹೊತ್ತಿಗೆ ಗೋಕಾಕ ಫಾಲ್ಸ್ ಮುಟ್ಟಿದೆವು. ಜುಲೈನ ಕೆಂಪು ನೀರಿನ ಆರ್ಭಟ ಬೇಕೆಂದವರು ಇದನ್ನು ಓದುವುದು ಇಲ್ಲಿಗೇ ಬಿಡಬಹುದು. ನಮಗೆ ಸಿಕ್ಕಿದ್ದು ಐದಾರು ಎಳೆ. 170 ಅಡಿ ಮೇಲಿಂದ ಬಿಳಿ ಎಳೆಗಳು ಬಂಡೆಯ ಮೆಟ್ಟಿಲಿಗೆ ಬಡಿದು ಒಡೆದು ಮತ್ತೆ ಕೂಡಿ ಇಳಿಯುತ್ತವೆ. ನೀರು ಡ್ಯಾಮಿನದಾದ್ದರಿಂದ ತಿಳಿಯಾಗಿತ್ತು, ಹಿಂದಿನ ಬಂಡೆಯ ಪದರುಗಳೆಲ್ಲ ಕಾಣುತ್ತಿದ್ದವು. ಮಳೆಗಾಲದಲ್ಲಿ ಹೋದವರಿಗೆ ಆ ಬಂಡೆ ಕಾಣುವುದೇ ಇಲ್ಲ. ಎಲ್ಲಿ ತೇವ ಹರಡಿದೆಯೋ ಅಲ್ಲಿ ಕಪ್ಪು, ಉಳಿದಲ್ಲಿ ಕಂದು-ಕೆಂಪು, ಬಾದಾಮಿ ಗುಡ್ಡದ ಬಣ್ಣವೇ. ಎರಡೂ ಒಂದೇ ವಂಶದ ಕಲ್ಲು, ಭೂವಿಜ್ಞಾನದವರು ಅದಕ್ಕೆ ನಮ್ಮ ಕಲಾದಗಿಯ ಹೆಸರನ್ನೇ ಇಟ್ಟಿದ್ದಾರೆ. ಪಾರಿವಾಳಗಳು ಕಲ್ಲಿನ ಸಂದಿಯಿಂದ ಹಾರಿ ಎಳೆಗಳ ನಡುವೆ ನುಸುಳಿ ಮತ್ತೆ ಸಂದಿಗೇ ಸೇರುತ್ತಿದ್ದವು. ತೂಗು ಸೇತುವೆ ಮುಚ್ಚಿದ್ದರೆ ಬೇಸರ ಬೇಡ, ಮಹಾಲಿಂಗೇಶ್ವರ ಗುಡಿಯ ಕಡೆಯಿಂದ ಬೆಳಗಿನ ಬಿಸಿಲು ಬೀಳುವಾಗ ನೋಡಿ. 1887ರಲ್ಲೇ ಇಲ್ಲಿ ಈ ನೀರಿನಿಂದ ಕರೆಂಟ್ ತೆಗೆದಿದ್ದರು ಎಂದು ಹುಡುಗರಿಗೆ ಹೇಳಿದೆ, ಅವರು ಪಾರಿವಾಳ ಎಣಿಸುತ್ತಿದ್ದರು. ಎಂಟೂವರೆಗೆ ಬಂಡೆ ಬಿಸಿಯಾಗಲು ಶುರು, ಹೊರಟುಬಿಟ್ಟೆವು.

ನನ್ನ ಪದ್ಧತಿಯ ಇನ್ನರ್ಧ ಈ ಹೊತ್ತಿನ ಲೆಕ್ಕ. ನೀರು, ಬಂಡೆ, ಹತ್ತುವುದು ಎಲ್ಲ ಒಂಬತ್ತರೊಳಗೆ. ಹನ್ನೊಂದೂವರೆವರೆಗೆ ಗಾಡಿ. ಆಮೇಲೆ ಮೂರರ ತನಕ ನೆರಳು, ಊಟ, ನಿದ್ದೆ. ಮೂರರ ನಂತರ ಎತ್ತರಕ್ಕೆ ಹತ್ತುವುದು, ರಾತ್ರಿ ಎತ್ತರದಲ್ಲೇ ಮಲಗುವುದು. ನಡುವೆ ಯಾರಾದರೂ "ಇಲ್ಲೇ ಸನೇದಾಗ ಇನ್ನೊಂದು ಫಾಲ್ಸ್ ಐತಿ" ಅಂದರೆ ಕಿವಿಗೆ ಹಾಕಿಕೊಳ್ಳಬಾರದು. ಗೊಡಚಿನಮಲ್ಕಿಗೆ ಮಾತ್ರ ಅಳಿಯ ಹಟ ಹಿಡಿದ. ಅದು ಮಾರ್ಕಂಡೇಯ ನದಿಯದು, ಹಿಡಕಲ್ ನೀರಿಗೂ ಅದಕ್ಕೂ ಸಂಬಂಧವಿಲ್ಲ. ಹೋದರೆ ಮಡುವಿನಲ್ಲಿ ನಿಂತ ನೀರು ಅಷ್ಟೆ. ಅವನ ಬಾಯಿ ಮುಚ್ಚಿತು, ನನಗೆ ಅದೇ ಲಾಭ.

ಸಂಕೇಶ್ವರದಲ್ಲಿ ಊಟ, ನಿದ್ದೆ. ಅಲ್ಲಿಂದ ಗಡಹಿಂಗ್ಲಜ, ಆಜ್ರಾ ದಾಟಿ ಮಹಾರಾಷ್ಟ್ರದ ಘಟ್ಟದ ಮೇಲಿನ ಆಂಬೋಲಿ. ನಿಜವಾಗಿ ನೋಡಿದರೆ ಇದೊಂದೇ ನೀರಿನ ದಾರಿ. ಸಂಕೇಶ್ವರದ ಮುಂದೆ ಹರಿಯುವ ಹಿರಣ್ಯಕೇಶಿ ಆಂಬೋಲಿಯಲ್ಲಿ ಹುಟ್ಟಿ ನಮ್ಮ ಘಟಪ್ರಭೆಯನ್ನೇ ಸೇರುತ್ತದೆ. ನದಿಯ ಬೆನ್ನು ಹತ್ತಿ ಹೋದರೆ ದಾರಿ ತಪ್ಪುವುದಿಲ್ಲ, ಮೇಲೆ ಹೋದಷ್ಟೂ ತಂಪು.

ಇಲ್ಲೊಂದು ಸಣ್ಣ ಪ್ರಯೋಗ. ಇಪ್ಪತ್ತು ಲೀಟರಿನ ಎರಡು ಕ್ಯಾನ್ ಒಯ್ದಿದ್ದೆವು. ಒಂದನ್ನು ಐಸ್ ಹಾಕಿದ ಥರ್ಮೋಕೋಲ್ ಡಬ್ಬಿಯಲ್ಲಿಟ್ಟೆ, ಇನ್ನೊಂದಕ್ಕೆ ಗೋಣಿತಟ್ಟು ಸುತ್ತಿ, ನೀರು ಚಿಮುಕಿಸಿ ಕ್ಯಾರಿಯರ್ ಮೇಲೆ ಕಟ್ಟಿದೆ. ಸಂಕೇಶ್ವರದ ತನಕ ತಟ್ಟಿನ ಕ್ಯಾನೇ ಗೆದ್ದಿತು. ಐಸ್ ಹತ್ತಕ್ಕೇ ಕರಗಿ ಅರವತ್ತು ರೂಪಾಯಿ ನೀರಾಯಿತು. ಆಜ್ರಾ ದಾಟಿದ ಮೇಲೆ ತಟ್ಟು ಕೆಲಸ ಬಿಟ್ಟಿತು. ಅಲ್ಲಿ ಹವೆಯಲ್ಲೇ ತೇವ, ತಟ್ಟು ಆರುವುದೇ ಇಲ್ಲ, ಆರದಿದ್ದರೆ ತಂಪೆಲ್ಲಿ? ಗೋದಾಮಿನ ಥರ್ಮಾಮೀಟರನ್ನೂ ಕಿತ್ತುಕೊಂಡು ಹೋಗಿದ್ದೆ. ಊರು ಬಿಡುವ ಹಿಂದಿನ ಮಧ್ಯಾಹ್ನ ಅಂಗಡಿಯಲ್ಲಿ 41 ತೋರಿಸಿತ್ತು, ಆಂಬೋಲಿಯಲ್ಲಿ ರಾತ್ರಿ 22ರ ಆಸುಪಾಸು. ಮನೆಯವಳು ಕೂಲರಿನ ಮಾತು ಎತ್ತಲಿಲ್ಲ.

ಆಂಬೋಲಿಯ ರಸ್ತೆ ಬದಿಯ ದೊಡ್ಡ ಫಾಲ್ಸ್ ಮೇ ತಿಂಗಳಲ್ಲಿ ಒಣಗಿರುತ್ತದೆ, ಆಸೆ ಇಟ್ಟುಕೊಳ್ಳಬೇಡಿ. ಅಲ್ಲಿ ನಂಬಬೇಕಾದದ್ದು ಅಡ್ಡಮಳೆಯನ್ನು. ಭರಣಿ ಮುಗಿದು ಕೃತ್ತಿಕಾ ನಡೆದಿರುವಾಗ ಘಟ್ಟದ ಅಂಚಿನಲ್ಲಿ ಸಂಜೆ ಗುಡುಗು ಸಾಮಾನ್ಯ. ನಮಗೂ ಸಂಜೆ ಏಳಕ್ಕೆ ಶುರುವಾಗಿ ತಾಸೊಪ್ಪತ್ತು ಹೊಡೆಯಿತು. ಕರೆಂಟ್ ಹೋಯಿತು. ಮಳೆ ನಿಂತ ಮೇಲೆ ಹೊರಗೆ ಬಂದರೆ ಗಿಡಗಳ ತುಂಬ ಮಿಂಚುಹುಳ. ಟಾರ್ಚ್ ಆರಿಸಿ ನಿಂತರೆ ಒಂದು ಗಿಡದಲ್ಲಿ ಶುರುವಾದದ್ದು ಪಕ್ಕದ ಗಿಡಕ್ಕೆ ದಾಟುತ್ತಿತ್ತು. ಜುಲೈನಲ್ಲಿ ಹೋಗುವವರಿಗೆ ಇದಿಲ್ಲ ನೋಡಿ!

ಮಳೆ ಬಿದ್ದ ಮರುದಿನ ಬೆಳಗ್ಗೆ ಆರಕ್ಕೆ ನಾಂಗರತಾಸದಲ್ಲಿರಬೇಕು. ಆಜ್ರಾ ರಸ್ತೆಯಲ್ಲಿ ಆಂಬೋಲಿಗಿಂತ ಮೊದಲೇ ಸಿಗುತ್ತದೆ. ನೇಗಿಲ ಸಾಲು ಕೊರೆದಂಥ ಕಿರಿದಾದ ಕಂದಕ, ನೀರು ಅದರೊಳಗೆ ಧುಮುಕುತ್ತದೆ. ರಾತ್ರಿಯ ಮಳೆಯ ನೀರು ಚಹಾ ಬಣ್ಣದಲ್ಲಿ ಸದ್ದು ಮಾಡಿ ಬೀಳುತ್ತಿತ್ತು. ಹತ್ತು ಗಂಟೆಗೆ ಬಂದ ಕೊಲ್ಹಾಪುರದ ಕಾರಿನವರಿಗೆ ಸಿಕ್ಕಿದ್ದು ತೆಳ್ಳನೆ ಧಾರೆ. ಮಳೆ ಬೀಳದಿದ್ದರೆ? ಹಿರಣ್ಯಕೇಶಿ ಗುಡಿ ಇದ್ದೇ ಇದೆ. ಗವಿಯೊಳಗಿಂದ ನೀರು ಬರುತ್ತದೆ, ಬೇಸಿಗೆಯಲ್ಲೂ ನಿಲ್ಲುವುದಿಲ್ಲ. ಅಲ್ಲಿನ ಕುಂಡದಲ್ಲಿ ಸಿಕ್ಕ ಹೊಸ ಜಾತಿಯ ಮೀನಿಗೆ 2020ರಲ್ಲಿ ಆ ನದಿಯ ಹೆಸರನ್ನೇ ಇಟ್ಟರು, ಮರುವರ್ಷ ಮಹಾರಾಷ್ಟ್ರ ಸರಕಾರ ಆ ಜಾಗವನ್ನು ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿಸಿತು. ಸೋಪು, ಶ್ಯಾಂಪೂ ಚೀಟಿ ಹಿಡಿದು ಇಳಿಯಬೇಡಿ. ಕಾವಳೆಸಾದ್ ಪಾಯಿಂಟಿಗೂ ಮಹಾದೇವಗಡಕ್ಕೂ ಬೆಳಗ್ಗೆಯೇ ನಡೆಯಿರಿ. ಹತ್ತರ ಮೇಲೆ ಕಣಿವೆಯಲ್ಲಿ ಬಿಸಿಲಿನ ಮಬ್ಬು ಕೂತು ಕೊಂಕಣ ಕಾಣುವುದಿಲ್ಲ.

ಅಲ್ಲಿಂದ ಚಂದಗಡ, ತಿಲಾರಿ ಕಡೆ. ಹತ್ತಲು ಪಾರಗಡ ಚೆನ್ನ. ಶಿವಾಜಿ ಕಾಲದ ಕೋಟೆ, ಮೆಟ್ಟಿಲುಗಳಿವೆ, ಮೇಲೆ ಇನ್ನೂ ಜನ ವಾಸವಾಗಿದ್ದಾರೆ. ನನ್ನ ಮಂಡಿಗೆ ಅಷ್ಟೇ ಸಾಕು. ತಿಲಾರಿ ಘಟ್ಟ ತುಂಬ ಕಡಿದು, ತುಂಬಿದ ಗಾಡಿ ಇಳಿಸುವ ಹುಚ್ಚು ಬೇಡ, ಮೇಲಿನಿಂದಲೇ ನೋಡಿ ತಿರುಗಿ. ಚಂದಗಡ ತಾಲೂಕಿನಲ್ಲೇ ಒಂದು ಹಳ್ಳ ಇದೆ, ಮೇ ಕೊನೆಯಲ್ಲೂ ಸೊಂಟದ ಮಟ್ಟ ತಿಳಿನೀರು. ಎಲ್ಲಿ ಎಂದು ಬರೆದರೆ ಮುಂದಿನ ವರ್ಷ ಅಲ್ಲಿ ಬಾಟಲಿ ಚೂರು ಬಿದ್ದಿರುತ್ತದೆ, ಆದ್ದರಿಂದ ಬರೆಯುವುದಿಲ್ಲ.

ರಾತ್ರಿ ಬೆಳಗಾವಿಯಲ್ಲಿ ಬೀಗರ ಮನೆ, ಖೋಲಿ ಬಾಡಿಗೆ ಉಳಿತು. ಕತ್ತಲಲ್ಲೇ ಎದ್ದು ಜಾಂಬೋಟಿ ಮೇಲೆ ಕಣಕುಂಬಿಗೆ. ಮಲಪ್ರಭೆ ಹುಟ್ಟುವುದು ಇಲ್ಲೇ, ಮಾವುಲಿ ದೇವಿ ಗುಡಿಯ ಹತ್ತಿರ. ಕೈ ಮುಗಿದು ಚೋರ್ಲಾ ಘಟ್ಟದ ಅಂಚಿಗೆ ಹೋಗಿ ಬಿಸಿಲೇರುವ ಮೊದಲು ವಾಪಸ್. ವಜ್ರಪೋಹ ಫಾಲ್ಸಿಗೆ ಹೋಗಲಿಲ್ಲ. ಭೀಮಗಡದ ಕಾಡು ಅದು, ಅರಣ್ಯ ಇಲಾಖೆಯ ಪರವಾನಗಿ ಇಲ್ಲದೆ ಕಾಲಿಡಬಾರದು, ಹುಡುಗರನ್ನು ಕಟ್ಟಿಕೊಂಡು ಅಷ್ಟು ನಡೆಯುವುದೂ ಆಗದು. ಜಾಂಬೋಟಿ ರಸ್ತೆಯಲ್ಲಿ ಎಲೆಯ ದೊನ್ನೆಯಲ್ಲಿ ಕವಳಿ ಹಣ್ಣು ಮಾರುತ್ತಾರೆ, ಅದನ್ನು ತಿಂದದ್ದೇ ಬೆಳಗಿನ ನಾಷ್ಟಾ. "ಅಕ್ಕಾರ, ಹುಳಿ ಅದಾವೇನ್ರಿ?" ಎಂದು ಮನೆಯವಳು ಕೇಳಿದರೆ "ತಿಂದ ನೋಡವಾ, ಆಮ್ಯಾಲ ರೊಕ್ಕ ಕೊಡು" ಎಂದಳು ಮಾರುವಾಕೆ.

ಅಲ್ಲಿಂದ ಖಾನಾಪುರ, ಕಿತ್ತೂರು, ಸವದತ್ತಿ. ನವಿಲುತೀರ್ಥದಲ್ಲಿ ಗುಡ್ಡ ಸೀಳಿ ಹೊಳೆ ದಾಟುವ ಜಾಗ ಸಂಜೆ ಐದಕ್ಕೆ ಚೆಂದ, ಆದರೆ ನಾವು ಮುಟ್ಟಿದಾಗ ಎಲ್ಲರಿಗೂ ನಿದ್ದೆ. ಇಳಿದವನು ನಾನೊಬ್ಬನೇ. ರಾಮದುರ್ಗ ದಾಟಿ ರಾತ್ರಿ ಊಟಕ್ಕೆ ಮನೆ.

ಖರ್ಚು ನೆನಪಿದ್ದಷ್ಟು ಹೇಳುತ್ತೇನೆ. ಆರುನೂರು ಕಿಲೋಮೀಟರ್ ದಾಟಿತು, ಘಟ್ಟದ ಏರು ಸೇರಿ ಡೀಸೆಲ್ ನಾಲ್ಕೂವರೆ ಸಾವಿರದ ಹತ್ತಿರ. ಆಂಬೋಲಿಯಲ್ಲಿ ಎರಡು ಖೋಲಿಗೆ ಮೂರು ಸಾವಿರದೊಳಗೆ. ಈ ಸಲ ಅಡ್ವಾನ್ಸ್ ಕೊಡಲಿಲ್ಲ, ನಡುವಾರ ಹೋದರೆ ಖೋಲಿ ಖಾಲಿಯೇ ಇರುತ್ತವೆ. ಶನಿವಾರ ಹೋದರೆ ಅದೇ ಖೋಲಿ ದುಪ್ಪಟ್ಟು. ಊಟ-ಚಹಾ ಎರಡೂವರೆ ಸಾವಿರ ಇರಬೇಕು. ಮೊದಲ ದಿನ ಪೂರ್ತಿ ಕಟಕ ರೊಟ್ಟಿ, ಶೇಂಗಾ ಹಿಂಡಿ, ಮೊಸರಿನ ಮೇಲೆ ಹೋಯಿತು. ಆಜ್ರಾದಲ್ಲಿ ಘನಸಾಳ ಅಕ್ಕಿ ಐದು ಕಿಲೋ, ಗೋಕಾಕದ ಕರದಂಟು ಒಂದು ಕಿಲೋ. ಇವೆರಡೂ ಮನೆಯವಳ ಲೆಕ್ಕ, ನನ್ನದಲ್ಲ. ಕರದಂಟಿಗೆ ಅಷ್ಟೇ ಹೆಸರಾದ ನಮ್ಮ ಅಮೀನಗಡದ ಮಂದಿ ಸಿಟ್ಟಾಗಬಾರದು.

ಎರಡು ಮನೆ ಸೇರಿ ಹತ್ತು ಸಾವಿರದ ಆಚೀಚೆ ಆಯಿತು. ಹೊಳೆಗೆ ನೀರು ಬಿಡದ ವಾರವಾದರೆ ಗೋಕಾಕ ಕೈಬಿಡಿ, ಅದಕ್ಕಾಗಿ ಕಾಯುತ್ತ ಕೂತರೆ ರೋಹಿಣಿ ಮುಗಿದು ಮಿರಗ ಬಂದುಬಿಡುತ್ತದೆ. ನೇರ ಬೆಳಗಾವಿ ಹಿಡಿದು ಆಂಬೋಲಿಗೆ ಹತ್ತಿ, ಸಂಜೆಯ ಮೋಡ ನೋಡಿ ಇನ್ನೊಂದು ರಾತ್ರಿ ಉಳಿಯಬೇಕೋ ಬೇಡವೋ ಎಂದು ಅಲ್ಲೇ ತೀರ್ಮಾನಿಸಿ.