ಸಾಲಕ್ಕೆ ಸಹಿ ಹಾಕುವ ಮುಂಚೆ ಈ ಲೆಕ್ಕ ನೋಡಿ

ಯಾದಗಿರಿ, ಶಹಾಪುರ ಕಡೆಯ ಅಣ್ಣ-ಅಕ್ಕಂದಿರೇ, "ನೂರಕ್ಕೆ 3 ರೂಪಾಯಿ ಬಡ್ಡಿ" ಅಂದರೆ ಕಡಿಮೆ ಅನಿಸುತ್ತದೆ, ಅಲ್ವಾ? ಅದು ತಿಂಗಳಿಗೆ. ವರ್ಷಕ್ಕೆ ಶೇ. 36 ಆಯಿತು! ಫೈನಾನ್ಸ್‌ನವರ "ಫ್ಲಾಟ್ 12" (ವರ್ಷಕ್ಕೆ ಶೇ. 12) ಕೂಡ ಸುಮ್ನೆ ನಂಬಬೇಡಿ. ಅಸಲು ತೀರುತ್ತಾ ಬಂದರೂ ಬಡ್ಡಿ ಮಾತ್ರ ಪೂರ್ತಿ ಮೊತ್ತದ ಮೇಲೇ ಬೀಳುತ್ತದೆ. ತಿಂಗಳ ಕಂತಿನಲ್ಲಿ ವರ್ಷಕ್ಕೆ ತೀರಿಸುವ ಸಾಲವಾದರೆ ನಿಜವಾದ ದರ ಶೇ. 21 ದಾಟುತ್ತದೆ.

ಅದಕ್ಕೇ "ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್" (ಸಾಲದ ಮುಖ್ಯ ವಿವರಗಳ ಪಟ್ಟಿ) ಕೇಳಿ, ಕನ್ನಡದಲ್ಲೇ ಕೇಳಿ. ಬ್ಯಾಂಕು, ಫೈನಾನ್ಸ್ ಕಂಪನಿ ಕೊಡಲೇಬೇಕು, ರಿಸರ್ವ್ ಬ್ಯಾಂಕ್ ನಿಯಮ. ಅದರಲ್ಲಿರುವ ಎಪಿಆರ್ ಅಂದರೆ ಪ್ರೊಸೆಸಿಂಗ್ ಫೀ ಎಲ್ಲ ಸೇರಿದ ವರ್ಷದ ದರ. ಎರಡು ಕಡೆ ವಿಚಾರಿಸಿ ಅದನ್ನೇ ಹೋಲಿಸಿ.

ವರ್ಷಕ್ಕೆ 3 ಲಕ್ಷದೊಳಗೆ ಆದಾಯವಿರುವ ಮನೆಯವರ ಮೈಕ್ರೋಫೈನಾನ್ಸ್ ಸಾಲಕ್ಕೆ ಅಡಮಾನ ಕೇಳುವಂತಿಲ್ಲ. ತೊಗರಿ ರಾಶಿ ಮುಗಿದು ದುಡ್ಡು ಬಂದಾಗ ಈ ಸಾಲ ಮೊದಲೇ ಕಟ್ಟಿ ಮುಗಿಸಿದರೂ ದಂಡ ಹಾಕುವಂತಿಲ್ಲ.